ಐದು ಗುಂಡಿಗಳ ಕೋಟು

ಟೈಲರಕ್ಕನ ಬೂದು ಕೋಟಿಗೆ ಐದು ಗುಂಡಿ. ಐದೂ ಸುಳ್ಳು. ಈ ಗುಟ್ಟು ಗೊತ್ತಿದ್ದುದು ಇಬ್ಬರಿಗೆ ಮಾತ್ರ: ಅವಳಿಗೆ ಮತ್ತು ಅವಳ ಸೊಸೆಗೆ.

ಮೂವತ್ತೊಂದು ವರ್ಷ ಹೊಲಿದ ಕೈ ಅದು. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಟೇಪು ಮುಟ್ಟದೆ ಭುಜದ ಅಳತೆ ಹೇಳುತ್ತಿದ್ದಳು. ಆಮೇಲೆ ಬೆರಳ ಗಂಟುಗಳು ಊದಿಕೊಂಡವು. ಮೊದಲು ಸೂಜಿ ಜಾರಿತು, ನಂತರ ಕತ್ತರಿ. ಕೊನೆಗೊಂದು ಬೆಳಗ್ಗೆ ತನ್ನ ಕೋಟಿನ ಗುಂಡಿಯೇ ಕಾಜದೊಳಗೆ ಹೋಗಲಿಲ್ಲ. ಗುಂಡಿ ಹಾಕಿಕೊಳ್ಳಲಾಗದ ದರ್ಜಿ ಎಂದು ಜನ ಆಡಿಕೊಳ್ಳಬೇಕೇ? ಸೊಸೆಯನ್ನು ಕೂರಿಸಿಕೊಂಡು ಕೋಟಿನ ಒಳಗೆ ಟಿಚ್ ಬಟನ್ ಇಡಿಸಿದಳು, ಕಾಜಗಳನ್ನು ಮುಚ್ಚಿಸಿ ಅವುಗಳ ಮೇಲೇ ಗುಂಡಿ ಹೊಲಿಸಿದಳು. ನಾಲ್ಕು ಸಲ ಬಿಚ್ಚಿಸಿದಳು. ಐದನೆಯ ಸಲ ಸೊಸೆ ಹಲ್ಲು ಕಚ್ಚಿಕೊಂಡು ಹೊಲಿದಳು. ಈಗ ಅಂಗೈಯಿಂದ ಒತ್ತಿದರೆ ಕೋಟು ಮುಚ್ಚಿಕೊಳ್ಳುತ್ತಿತ್ತು, ಯಾರ ಕಣ್ಣಿಗೂ ಗೊತ್ತಾಗುತ್ತಿರಲಿಲ್ಲ.

ಆ ಕೋಟೇ ಅವಳಿಗೆ ಮುಳುವಾಯಿತು. ಅಂಗವಿಕಲರ ಮಾಸಾಶನದ ತಪಾಸಣೆಗೆ ಪುಣ್ಯಾತ್ಗಿತ್ತಿ ಅದನ್ನೇ ತೊಟ್ಟುಹೋದಳು. ಡಾಕ್ಟರು ತಲೆಯೆತ್ತಿ ನೋಡಿದ್ದು ಎರಡೇ ಸಲ. ‘ಅರ್ಜಿದಾರರು ಐದು ಗುಂಡಿಗಳ ಕೋಟನ್ನು ತಾವೇ ಬಿಚ್ಚಿ, ತಾವೇ ಹಾಕಿಕೊಂಡರು. ಕೆಲಸಕ್ಕೆ ಯೋಗ್ಯರು’ ಎಂದು ಬರೆದರು. ಅರ್ಜಿ ತಿರಸ್ಕೃತವಾಯಿತು. ಮಾಸಾಶನ ತಪ್ಪಿದ್ದು ಒಂದು ಕಡೆ, ಸುಳ್ಳುಗಾರ್ತಿ ಅನ್ನಿಸಿಕೊಂಡದ್ದು ಅವಳ ಹೊಟ್ಟೆ ಉರಿಸಿತು. ಕೋರ್ಟಿಗೆ ಹೋದಳು.

ಉಚಿತ ನೆರವಿನ ವಕೀಲೆ ಸೊಸೆಯ ವಯಸ್ಸಿನವಳು. “ಅಮ್ಮಾ, ವಿಚಾರಣೆ ದಿನ ಹಳೇ ಬಟ್ಟೆ ಹಾಕ್ಕೊಂಡು ಬನ್ನಿ. ನೋಡಿದೋರಿಗೆ ಅಯ್ಯೋ ಅನ್ನಿಸ್ಬೇಕು” ಎಂದಳು.

“ಅಯ್ಯೋ ಅನ್ನಿಸ್ಕೊಳ್ಳೋಕೆ ನಾನು ಹೊಲಿಗೆ ಕಲೀಲಿಲ್ಲಮ್ಮ.”

ವಿಚಾರಣೆಗೆ ಅದೇ ಬೂದು ಕೋಟು, ಇಸ್ತ್ರಿ ಮಾಡಿದ್ದು. ಇಲಾಖೆಯ ವಕೀಲರು ವರದಿ ಓದಿ, “ಇವತ್ತೂ ಐದೂ ಗುಂಡಿ ಹಾಕ್ಕೊಂಡೇ ಬಂದಿದ್ದಾರೆ” ಎಂದು ಕೈ ತೋರಿಸಿದರು. ಹಿಂದಿನ ಬೆಂಚಿನಲ್ಲಿ ಅವಳ ಇಬ್ಬರು ಹಳೆಯ ಗಿರಾಕಿಗಳು ಕೂತಿದ್ದರು. ಬಾಯಿ ಬಿಟ್ಟರೆ ಮೂವತ್ತೊಂದು ವರ್ಷದ ಹೆಸರು ಮಣ್ಣುಪಾಲು, ಬಿಡದಿದ್ದರೆ ಸುಳ್ಳುಗಾರ್ತಿಯ ಪಟ್ಟ. ಅವಳು ಕೋಟನ್ನು ಒಂದೇ ಎಳೆತಕ್ಕೆ ಬಿಚ್ಚಿ ಒಳಮೈ ತೋರಿಸಿದಳು.

“ನೋಡಿ ಸ್ವಾಮಿ, ಗುಂಡಿ ಬರೀ ತೋರಿಕೆಗೆ.”

ನ್ಯಾಯಾಧೀಶರು ಕೋಟು ತರಿಸಿಕೊಂಡು, ಕನ್ನಡಕ ಏರಿಸಿ ತಿರುಗಿಸಿ ನೋಡಿದರು. “ಡಾಕ್ಟರಿಗೆ ಯಾಕಮ್ಮ ಹೇಳ್ಲಿಲ್ಲ?”

“ಅವರು ಕೇಳ್ಲಿಲ್ಲ. ನಂಗೂ ಹೇಳೋಕೆ ನಾಚಿಕೆ ಆಯ್ತು. ಎರಡೂ ನಿಜ.” ಅವಳು ವಕೀಲೆಯ ಕಡೆ ತಿರುಗಿದಳು. “ನಿನ್ನ ಕೋಟು ಕೊಡಮ್ಮ ಇಲ್ಲಿ. ಎರಡನೇ ಗುಂಡಿ ಅಲುಗಾಡ್ತಿದೆ, ಆಮೇಲೆ ಹೊಲಿಸ್ಕೊ.”

ಕರಿಕೋಟು ತೊಟ್ಟು ಮೊದಲ ಗುಂಡಿ ಹಿಡಿದಳು. ಅದು ಜಾರಿತು. ಮತ್ತೆ ಹಿಡಿದಳು. ನಿಮಿಷಗಳು ಕಳೆದವು, ಹಣೆಯಲ್ಲಿ ಬೆವರೊಡೆಯಿತು.

“ಸಾಕಮ್ಮ, ಬಿಡಿ.”

“ಇರಿ ಸ್ವಾಮಿ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟೋಳಲ್ಲ ನಾನು.”

ಗುಂಡಿ ಕಾಜದಲ್ಲಿ ಅರ್ಧ ತೂರಿ ಹೊರಬಿತ್ತು. ಆಗಷ್ಟೇ ಕೈ ಇಳಿಸಿದಳು, ತಲೆ ಇಳಿಸಲಿಲ್ಲ.

ಊಟದ ವಿರಾಮದ ನಂತರ ಆದೇಶ ಬಂತು: ತಿರಸ್ಕಾರ ರದ್ದು, ಅರ್ಜಿ ಹಾಕಿದ ದಿನದಿಂದಲೇ ಮಾಸಾಶನ. ಬೂದು ಕೋಟು ಹಿಂತಿರುಗಿಸುತ್ತ ನ್ಯಾಯಾಧೀಶರು, “ಇದನ್ನು ಹೊಲಿದವರು ಯಾರು?” ಎಂದರು.

“ನನ್ನ ಸೊಸೆ. ಕಲಿಸಿದ್ದು ನಾನು.” ಎರಡನ್ನೂ ಅವಳು ಒಂದೇ ಠೀವಿಯಲ್ಲಿ ಹೇಳಿದಳು.

ಹೊರಗಿನ ಮೊಗಸಾಲೆಯಲ್ಲಿ ಸೊಸೆ ಎಂದಿನಂತೆ, ಕೋಟು ಒತ್ತಿ ಮುಚ್ಚಿಕೊಳ್ಳುವುದು ಯಾರಿಗೂ ಕಾಣದಿರಲೆಂದು, ಅವಳನ್ನು ಗೋಡೆಯ ಕಡೆ ತಿರುಗಿಸಲು ಹೋದಳು. ಟೈಲರಕ್ಕ ಜನರ ಕಡೆಗೇ ತಿರುಗಿ ನಿಂತಳು.

“ನಾಳೆ ಈ ಟಿಚ್ ಬಟನ್ ಕಿತ್ತುಹಾಕು. ಕಾಜ ಬಿಚ್ಚಿ ಗುಂಡಿ ಸರಿಯಾಗಿ ಹೊಲಿ.”

“ದಿನಾ ಹಾಕೋರು ಯಾರತ್ತೆ?”

“ನೀನು. ಬೆಳಗ್ಗೆ, ಅಂಗಡಿ ಬಾಗಿಲಲ್ಲಿ, ಎಲ್ಲರ ಎದುರಿಗೆ.”