ಐದನೇ ಮೈಲಿಯ ಮನೆ

ನನ್ನ ಮದುವೆ ನಿಶ್ಚಯವಾದದ್ದು ಗಂಡನ್ನು ನೋಡಿ ಅಲ್ಲ, ರಸ್ತೆಯನ್ನು ನೋಡಿ. ಹಾರೋಹಳ್ಳಿಯ ಹತ್ತಿರ ನಮ್ಮೂರಿನ ಮುಂದೆ ಹಾದುಬರುವ ಕನಕಪುರ ರಸ್ತೆಯೇ ಸಾರಕ್ಕಿಯಲ್ಲಿ ಹುಡುಗನ ಮನೆಯ ಮುಂದೆಯೂ ಹೋಗುತ್ತದೆ ಎಂದು ತಿಳಿದ ಕೂಡಲೇ ಅಪ್ಪ ಒಪ್ಪಿಬಿಟ್ಟ. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಬೇಡ ಎನ್ನುವವರು ಯಾರೂ ಇರಲಿಲ್ಲ.

"ಬಸ್ಸು ಹತ್ತಿದ್ರೆ ತವರು, ಇಳಿದ್ರೆ ಗಂಡನ ಮನೆ. ಇನ್ನೇನವ್ವ ಬೇಕು?" ಎಂದಿದ್ದ.

ಆ ರಸ್ತೆಯೆಂದರೆ ಅಪ್ಪನಿಗೆ ತನ್ನ ಸ್ವಂತ ಜಮೀನಿನಷ್ಟು ಹೆಮ್ಮೆ. ಬಸವನಗುಡಿ ಮುಗಿದ ಮೇಲೆ ಯಡಿಯೂರು ಕೆರೆ, ಬನಶಂಕರಿ ಗುಡಿ, ಸಾರಕ್ಕಿ, ಕೋಣನಕುಂಟೆ, ತಲಘಟ್ಟಪುರ, ಕಗ್ಗಲೀಪುರ ಎಂದು ಊರುಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದ. ಅವನ ತಾತನ ಕಾಲಕ್ಕೆ ಅದು ಬರೀ ಗಾಡಿ ಜಾಡು. ರಾಗಿ, ರೇಷ್ಮೆಗೂಡು ಹೇರಿಕೊಂಡು ಹೊರಟರೆ ಬೆಂಗಳೂರು ಸೇರುವಷ್ಟರಲ್ಲಿ ಎತ್ತುಗಳಿಗೂ ಬದುಕು ಬೇಡವಾಗುತ್ತಿತ್ತಂತೆ. ಯುದ್ಧದ ಕಾಲದಲ್ಲಿ, ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುವ ಬಸ್ಸು ಬಂತು. ಏರು ಸಿಕ್ಕಿದಲ್ಲಿ ಜನ ಇಳಿದು ತಳ್ಳಬೇಕಿತ್ತು. ಟಿಕೆಟ್ಟಿಗೆ ದುಡ್ಡೂ ಕೊಟ್ಟು ಬಸ್ಸನ್ನೂ ತಳ್ಳಿದ್ದೇವೆ ಎಂದು ಅಪ್ಪ ಕೊನೆಯವರೆಗೂ ಗೊಣಗುತ್ತಿದ್ದ. ಇಕ್ಕೆಲದ ಹುಣಸೆ ಮರಗಳು ಸರ್ಕಾರದವು, ವರ್ಷಕ್ಕೊಮ್ಮೆ ಹಣ್ಣಿನ ಹರಾಜು. ಕೆಳಗೆ ಬಿದ್ದದ್ದು ಮಾತ್ರ ನಮ್ಮಂಥವರಿಗೆ.

ನನ್ನ ಮನೆ ಸಾರಕ್ಕಿಯ ಊರೊಳಗೆ ಇರಲಿಲ್ಲ. ಕೆರೆ ದಾಟಿ, ರಸ್ತೆಯ ಪಕ್ಕದಲ್ಲಿ ಒಂಟಿಯಾಗಿ ನಿಂತಿತ್ತು. ಹಿಂದೆ ರಾಗಿ ಹೊಲ, ಮುಂದೆ ಐದು ಎಂದು ಕೆತ್ತಿದ ಮೈಲಿಗಲ್ಲು. ಆಚೆ ಜಯನಗರ ಬೆಳೆಯುತ್ತಿದೆ ಎಂದು ಎಲ್ಲರೂ ಹೇಳುತ್ತಿದ್ದರು, ನನ್ನ ಕಣ್ಣಿಗೆ ಒಂದು ದೀಪವೂ ಕಾಣುತ್ತಿರಲಿಲ್ಲ. ಗಂಡ ಬೆಳಿಗ್ಗೆ ಸೈಕಲ್ ಹತ್ತಿ ಕಾರ್ಖಾನೆಗೆ ಹೋದರೆ ಕತ್ತಲಾದ ಮೇಲೆ ಬರುವುದು. ಒಳ್ಳೆಯವರೇ, ಆದರೆ ಮಾತು ಕಮ್ಮಿ. ಮಕ್ಕಳು ಇನ್ನೂ ಆಗಿರಲಿಲ್ಲ. ಮಧ್ಯಾಹ್ನಗಳಲ್ಲಿ ನಾನು ಒಲೆಯ ಜೊತೆ ಮಾತಾಡುತ್ತಿದ್ದೆ, ಅದು ಹೊಗೆ ಬಿಟ್ಟರೆ ಜಗಳವನ್ನೂ ಆಡುತ್ತಿದ್ದೆ. ತವರಿನ ಕಡೆಯ ಬಸ್ಸು ಬಂದಾಗ ಗೇಟಿಗೆ ಓಡುತ್ತಿದ್ದೆ. ಅದು ಧೂಳೆಬ್ಬಿಸಿ ಹೋಗಿಬಿಡುತ್ತಿತ್ತು. ಆ ಧೂಳು ಇಳಿಯುವವರೆಗೆ ಅಲ್ಲೇ ನಿಂತು ಅತ್ತ ದಿನಗಳುಂಟು.

ಇದ್ಯಾವುದೂ ಅಪ್ಪನಿಗೆ ತಿಳಿಯಬಾರದಿತ್ತು. ಅವನೇ ಹುಡುಕಿ ಕೊಟ್ಟ ಮನೆ, ತಿಳಿದರೆ ಅವನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅವನೇ ತವರಿನ ಬಾಗಿನ ಹೊತ್ತು ತರುತ್ತಿದ್ದ. ಅಮ್ಮನಿದ್ದರೆ ಜೋಡಿಸಿಡುತ್ತಿದ್ದಂತೆ ಜೋಡಿ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ ಎಲ್ಲ ಇಟ್ಟು, ಪಂಚೆಯಲ್ಲಿ ಗಂಟು ಕಟ್ಟಿರುತ್ತಿದ್ದ. ನಾನು ಗೇಟಿನಲ್ಲಿ ಹಲ್ಲು ಕಿರಿದು ನಿಂತಿರುತ್ತಿದ್ದೆ. ಅಕ್ಕಪಕ್ಕದವರು ಒಂದು ಗಳಿಗೆ ಸುಮ್ಮನೆ ಬಿಡುವುದಿಲ್ಲಪ್ಪ, ಸಾಕಾಗಿದೆ ಎಂದು ಇಲ್ಲದ ನೆರೆಹೊರೆಯ ಮೇಲೆ ದೂರು ಹೇಳುತ್ತಿದ್ದೆ. ಹುಣಸೆ ಮರಗಳ ಆಚೆ ಅವರ ಮನೆಗಳಿವೆ, ಎಲ್ಲ ಹಬ್ಬಕ್ಕೆ ಊರಿಗೆ ಹೋಗಿದ್ದಾರೆ ಎಂದರೆ ಪಾಪ ನಂಬುತ್ತಿದ್ದ.

ಅರವತ್ತರ ದಶಕದಲ್ಲಿ ಒಂದು ಬೇಸಿಗೆ ರಸ್ತೆ ಅಗಲ ಮಾಡಲು ಬಂದರು. ಮನೆ ಮುಂದಿನ ಹುಣಸೆ ಮರಗಳು ಉರುಳಿದವು, ಬೇಲಿ ಹಿಂದಕ್ಕೆ ಸರಿಯಿತು. ಮೈಲಿ ಹೋಗಿ ಕಿಲೋಮೀಟರ್ ಬಂದಿದೆ ಎಂದು ಹಳೆಯ ಕಲ್ಲು ಕಿತ್ತು ಹೊಸದು ನೆಟ್ಟರು. ಅದರ ಮೇಲೆ ಎಂಟು ಎಂದಿತ್ತು. ಕೂತಲ್ಲೇ ನಮ್ಮ ಮನೆ ದೂರ ಹೋಯಿತಲ್ಲ ಎಂದು ಗಂಡನೊಡನೆ ನಕ್ಕಿದ್ದೆ. ಅಪ್ಪನಿಗೆ ಓದು ಬರದು, ಅಂಕಿ ಮಾತ್ರ ಗೊತ್ತು ಎನ್ನುವುದು ಆಗ ನೆನಪಿಗೆ ಬರಲಿಲ್ಲ.

ಆ ವರ್ಷದ ಗೌರಿ ಹಬ್ಬಕ್ಕೂ ಗಂಡನಿಗೆ ರಜೆ ಸಿಗಲಿಲ್ಲ. ಪೂಜೆ ಮುಗಿಸಿ ಗೇಟಿಗೆ ಬಂದೆ. ಮುಖಕ್ಕೆ ನಗು ತಂದುಕೊಳ್ಳುವ ಮೊದಲೇ ತುಂಬಿದ ಬಸ್ಸು ಬಂತು. ಕಿಟಕಿಯಲ್ಲಿ ಅಪ್ಪನ ಪೇಟ, ತೊಡೆಯ ಮೇಲೆ ಗಂಟು. ಅವನು ಕಣ್ಣು ಕಿರಿದು ಮಾಡಿಕೊಂಡು ಕಲ್ಲು ನೋಡಿದ, ನನ್ನ ಕಡೆಗೂ ನೋಡಿದ. ಬಸ್ಸು ನಿಲ್ಲಲೇ ಇಲ್ಲ. "ಅಪ್ಪಾ" ಎಂದು ಕೂಗುತ್ತಾ ಸ್ವಲ್ಪ ದೂರ ಓಡಿದೆ. ಮತ್ತೆ ಬಂದು ಗೇಟು ಹಿಡಿದು, ಜನ್ಮದಲ್ಲಿ ಅಳದಷ್ಟು ಅತ್ತೆ. ನೋಡಿಯೂ ಹೋಗಿಬಿಟ್ಟನಲ್ಲ ಎಂದು ಸಿಟ್ಟು ಬೇರೆ.

ಹೊತ್ತು ಇಳಿಯುವಾಗ ಸಾರಕ್ಕಿಯ ತರಕಾರಿ ಗಾಡಿಯೊಂದು ಮಾರ್ಕೆಟ್ಟಿನಿಂದ ವಾಪಸು ಬರುತ್ತಾ ಅಪ್ಪನನ್ನು ನಮ್ಮ ಬಾಗಿಲಿಗೆ ಇಳಿಸಿತು. ನಾನು ಮುಖ ತೊಳೆದು, ಕುಂಕುಮ ಸರಿಮಾಡಿಕೊಂಡು, ನಗುತ್ತಲೇ ನೀರು ಕೊಟ್ಟೆ. ಅಪ್ಪ ಜಗಲಿಯ ಮೇಲೆ ಕುಸಿದು ಕೂತ.

"ಐದರ ಕಲ್ಲು ಬರ್ಲಿ ಅಂತ ಕಾದೆ ಕಣವ್ವ. ಇಳಿದು ನೋಡಿದ್ರೆ ಯಡಿಯೂರಾಚೆ ಎಲ್ಲೋ! ಈ ಗಾಡಿಯವ್ನು ಅಳಿಯಂದ್ರ ಹೆಸರು ಕೇಳಿ ಹತ್ತಿಸ್ಕೊಂಡ."

ನೀರು ಕುಡಿದು ಮತ್ತೆ ಹೇಳಿದ.

"ಬಸ್ಸಲ್ಲಿ ಬರ್ತಾ ದಾರೀಲಿ, ಎಂಟರ ಕಲ್ಲತ್ರ, ಒಬ್ಬಳು ಹೆಣ್ಮಗಳು ಗೇಟಲ್ಲಿ ನಿಂತಿದ್ಲು. ನಿನ್ನಂಗೇ ಕಂಡ್ಲು. ಆದ್ರೆ ಅದೇನ್ ಮುಖವೋ, ನಗುವೇ ಇಲ್ಲ. ಸುತ್ತ ಒಂದು ನರಪಿಳ್ಳೆ ಇಲ್ಲ. ಯಾರ್ ಹೆತ್ತ ಮಗಳೋ, ಇಂಥಾ ಕಡೆ ತಂದು ಹಾಕವ್ರಲ್ಲ, ಅವ್ರಿಗೆ ಕಣ್ಣಿಲ್ವಾ ಅಂದ್ಕೊಂಡೆ."

ಮಾತಾಡುತ್ತಲೇ ಬಾಗಿನದ ಗಂಟು ಬಿಚ್ಚುತ್ತಿದ್ದವನು ತಲೆಯೆತ್ತಿ ರಸ್ತೆಯ ಕಡೆ ನೋಡಿದ. ಕಲ್ಲನ್ನು ನೋಡಿದ, ಗೇಟನ್ನು ನೋಡಿದ, ಮರಗಳಿಲ್ಲದ ಬಯಲನ್ನು ನೋಡಿದ. ಗಂಟಿನ ಮೇಲೆ ಕೈ ಹಾಗೆಯೇ ನಿಂತಿತು.

"ಅವಳು ನೀನೇನವ್ವ?" ಎಂದ.

ನೆರೆಹೊರೆಯವರ ಕಥೆ ಬಾಯಿಯವರೆಗೆ ಬಂತು. ನುಂಗಿಕೊಂಡು, "ಹೂಂ ಅಪ್ಪ" ಎಂದೆ.