ಹೆಗಲು ಒತ್ತಿ ಹಿಡಿದು ನೋಡಿ, ಸರ್

ಇವತ್ತು ನಾನು ಬಾಯಿ ಬಿಡಬಾರದಿತ್ತು, ಗೆಳೆಯರೇ. ನಾನು ಟೈಪಿಂಗ್ ಮಾಡುವ ವಿದ್ಯಾನಗರದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಭದ್ರಾವತಿಯ ಮುರುಗೇಶಣ್ಣ ಬಂದಿದ್ದರು. ಫೌಂಡ್ರಿಯಲ್ಲಿ ಕಾಂಟ್ರಾಕ್ಟ್ ಕೆಲಸ. ಹೆಗಲು ಹಿಡಿದುಕೊಂಡು ಎರಡು ತಿಂಗಳಿಂದ ಮನೆಯಲ್ಲಿದ್ದಾರೆ. ನಾಳೆ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡದಿದ್ದರೆ ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ.

"ನೋಡಿ ಡಾಕ್ಟ್ರೇ, ಬೇಕಾದ್ರೆ ಫ್ಯಾನ್ ಮುಟ್ತೀನಿ!" ಎಂದು ಬಲಗೈ ಎತ್ತಿದರು. ಡಾಕ್ಟರು ಪೆನ್ನು ತೆಗೆದರು.

ವ್ಯಾಯಾಮದ ಹಾಳೆಗಳನ್ನು ಕನ್ನಡದಲ್ಲಿ ಬರೆಯುವವಳು ನಾನೇ. ತೋಳು ಏಳುವಾಗ ಮೊದಲು ಕೀಲು ತಿರುಗಬೇಕು, ಬೆನ್ನಿನ ಹೆಗಲಮೂಳೆ ಆಮೇಲೆ ಹಿಂಬಾಲಿಸಬೇಕು. ಇವರ ಕೀಲು ತಿರುಗಲೇ ಇಲ್ಲ. ಕತ್ತಿನ ಸ್ನಾಯು ಇಡೀ ಹೆಗಲನ್ನೇ ಕಿವಿಯವರೆಗೆ ಎಳೆದಿತ್ತು.

"ಸರ್, ಹೆಗಲು ಒತ್ತಿ ಹಿಡಿದು ನೋಡಿ," ಎಂದುಬಿಟ್ಟೆ.

ಡಾಕ್ಟರು ಒತ್ತಿ ಹಿಡಿದರು. ಕೈ ಎದೆಮಟ್ಟಕ್ಕೇ ನಿಂತಿತು. "ಇನ್ನೂ ಮೂರು ವಾರ," ಎಂದು ಪೆನ್ನು ಜೇಬಿಗಿಟ್ಟರು.

ಮುರುಗೇಶಣ್ಣ ನನ್ನತ್ತ ತಿರುಗಿದರು. "ಏನ್ ಮಾರಾಯ್ತಿ, ಎರಡು ತಿಂಗಳಿಂದ 'ಕೂತ್ಕೊಳ್ಳಿ' ಅನ್ನೋದು ಬಿಟ್ರೆ ಬೇರೆ ಮಾತಾಡಿಲ್ಲ ನೀನು. ಇವತ್ತೇ ಮಾತು ಬರ್ಬೇಕಿತ್ತಾ?"

ಅವರು ಹೋದ ಮೇಲೆ ಹೊಳೆಯಿತು: 'ಹಗುರ ಕೆಲಸ ಮಾಡಬಹುದು' ಎಂದಾದರೂ ಬರೆಸಿಕೊಡಬಹುದಿತ್ತು. ಕೇಳಿದರೆ ಡಾಕ್ಟರು ತಕ್ಷಣ ಬರೆದುಕೊಟ್ಟರು. ಚೀಟಿ ಹಿಡಿದು ಸ್ಟಾಪಿಗೆ ಓಡಿದೆ. ಭದ್ರಾವತಿ ಬಸ್ಸು ಹೊರಟೇಬಿಟ್ಟಿತ್ತು. ಕೂಗಲು ದನಿ ಬರಲಿಲ್ಲ, ಕೈ ಎತ್ತಿ ಬೀಸಿದೆ. ಟಾಟಾ ಮಾಡುತ್ತಿದ್ದೇನೆಂದುಕೊಂಡು ಮುರುಗೇಶಣ್ಣ ಕಿಟಕಿಯಿಂದ ಎಡಗೈ ಬೀಸಿದರು.

ನನ್ನ ಹೆಗಲು ಮಾತ್ರ ಹಾಳೆಯಲ್ಲಿ ಬರೆದಂತೆಯೇ ಕೆಲಸ ಮಾಡಿತು.