ಬೇಕು ಮೇಷ್ಟ್ರು ಮಾತು ಕೇಳಿದ್ದು

ಮೂರನೇ ಮಹಡಿಯ ಕೋಣೆಯೊಂದರಲ್ಲಿ ಸಂಜೆ ಹೊತ್ತು ಫ್ರೆಂಚ್ ಹೇಳಿಕೊಡುತ್ತಿದ್ದ ಮೇಷ್ಟ್ರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಬೇಕು ಮೇಷ್ಟ್ರು. ಆ ಭಾಷೆಯಲ್ಲಿ ‘ಮಾಡಬೇಕು’, ‘ಹೋಗಬೇಕು’ ಎನ್ನುವ ಪಾಠ ಬಂತೆಂದರೆ ಅವರಿಗೆ ಎಲ್ಲಿಲ್ಲದ ಹುರುಪು. ಪುಸ್ತಕ ಮುಚ್ಚಿಸಿ, “ನನಗೆ ಅಪ್ಪಣೆ ಕೊಡಿ. ಫ್ರೆಂಚಲ್ಲಿ ತಪ್ಪಿಲ್ಲದೆ ಹೇಳಿದ್ರೆ ಏನು ಬೇಕಾದ್ರೂ ಮಾಡ್ತೀನಿ” ಎನ್ನುವರು. ಮಾಡುತ್ತಲೂ ಇದ್ದರು. ಅರವತ್ತೆರಡು ದಾಟಿದ ಮೇಲೂ ಒಂಟಿ ಕಾಲಲ್ಲಿ ನಿಂತಿದ್ದಾರೆ, ಬೆಂಚಿನಡಿ ತೂರಿದ್ದಾರೆ, ಕಿಟಕಿಯಿಂದ ತಲೆ ಹಾಕಿ ಬೀದಿಗೆಲ್ಲ ಕೇಳುವಂತೆ ಬೆಕ್ಕಿನ ಹಾಗೆ ಕೂಗಿದ್ದಾರೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮಾತಿಗೆ ತಪ್ಪಿದವರಲ್ಲ.

“‘ಇಲ್ ಫೋ’ ಅಂದ್ರೆ ಮಾಡಬೇಕು. ಯಾರು ಮಾಡಬೇಕು ಅಂತ ಮಾತ್ರ ಅದು ಬಾಯಿ ಬಿಡೋದಿಲ್ಲ” ಎಂದು ಕಣ್ಣು ಮಿಟುಕಿಸುವರು. “ಮನೇಲಿ ಕಸ ಗುಡಿಸಬೇಕು ಅಂತ ಗೋಡೆ ನೋಡ್ಕೊಂಡು ಹೇಳ್ತೀವಲ್ಲ, ಹಾಗೆ. ‘ವೂ ದವೇ’ ಅಂದ್ರೆ ಮುಗೀತು. ನೀವೇ ಮಾಡಬೇಕು, ತಪ್ಪಿಸ್ಕೊಳ್ಳೋ ಹಾಗಿಲ್ಲ.”

ತಪ್ಪಿಸಿಕೊಳ್ಳುವುದರಲ್ಲಿ ಸ್ವತಃ ಮೇಷ್ಟ್ರೇನು ಕಮ್ಮಿ ಇರಲಿಲ್ಲ. ಎರಡು ತಿಂಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು. ಪಾದ ಊದಿ ಬೂಟು ಹಿಡಿಸದೆ ಚಪ್ಪಲಿಗೆ ಇಳಿದಿದ್ದರು. ಡಾಕ್ಟರ ಹತ್ತಿರ ಹೋಗಿ ಎಂದು ಹೆಂಡತಿ ಗೋಗರೆದದ್ದೂ ಆಯಿತು, ಮಾತು ಬಿಟ್ಟದ್ದೂ ಆಯಿತು. “ನಾಳೆ ಹೋದ್ರಾಯ್ತು ಕಣೇ” ಎನ್ನುವುದು ಬಿಟ್ಟರೆ ಬೇರೆ ಉತ್ತರವಿಲ್ಲ. ಇಂಥದೇ ಊತ ತೋರಿಸಲು ಆಸ್ಪತ್ರೆಗೆ ನಡೆದುಕೊಂಡೇ ಹೋದ ಅವರ ಅಣ್ಣ ಜೀವಂತ ವಾಪಸಾಗಿರಲಿಲ್ಲ. ಆ ಹೆದರಿಕೆಯನ್ನು ಮೇಷ್ಟ್ರು ಹೆಂಡತಿಗೂ ಹೇಳಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ಒಬ್ಬ ನರ್ಸ್ ಕೂರುತ್ತಿದ್ದಳು. ತನ್ನ ವಾರ್ಡಿಗೆ ಫ್ರೆಂಚ್ ಬಿಟ್ಟು ಬೇರೇನೂ ಬಾರದ ರೋಗಿಗಳು ಬರುತ್ತಾರೆಂದು ಕಲಿಯಲು ಸೇರಿದವಳು. ಮೂರು ತಿಂಗಳಾದರೂ ತುಟಿ ಪಿಟಕ್ಕೆನ್ನಲಿಲ್ಲ. ತಪ್ಪಾಡಿದರೆ ನಗುತ್ತಾರೆಂಬ ಅಂಜಿಕೆ. ಆದರೆ ಅವಳ ಕೆಲಸ ಹೃದಯದ ಕಾಯಿಲೆಯವರ ವಾರ್ಡಿನಲ್ಲಿ. ಮೇಷ್ಟ್ರ ಪಾದ ನೋಡಿದಾಗಲೆಲ್ಲ ಅವಳಿಗೆ ಪಾಠ ತಲೆಗೆ ಹತ್ತುತ್ತಿರಲಿಲ್ಲ.

ಆ ಸಂಜೆ ಮೇಷ್ಟ್ರು ಗೋಡೆ ಹಿಡಿದುಕೊಂಡೇ ಒಳಗೆ ಬಂದರು. ಕುರ್ಚಿಗೆ ಕುಸಿದು, ಬೆವರು ಒರೆಸಿಕೊಂಡು, “ಹೂಂ, ಕೊಡಿ ಅಪ್ಪಣೆ” ಎಂದು ನಕ್ಕರು. ಮುಂದಿನ ಬೆಂಚಿನವರು ಹಾಡಿಸುವ ಯೋಚನೆಯಲ್ಲಿದ್ದರು. ಅಷ್ಟರಲ್ಲಿ ನರ್ಸ್ ಎದ್ದು ನಿಂತಳು.

“ವೂ ದವೇ ಆಲೇ ಆ ಲೋಪಿತಾಲ್.” ನೀವು ಆಸ್ಪತ್ರೆಗೆ ಹೋಗಬೇಕು. ಉಸಿರೆಳೆದುಕೊಂಡು, ಈಗಲೇ ಎನ್ನುವುದನ್ನೂ ಸೇರಿಸಿದಳು, “ಮ್ಯಾಂತ್ನಾಂ.”

ಮೇಷ್ಟ್ರು ತಪ್ಪು ಹುಡುಕಿದರು. ಸಿಗಲಿಲ್ಲ. “ಉಚ್ಚಾರಣೆ ಚೆನ್ನಾಗಿದೆಯಮ್ಮ. ನಾಳೆ ಬೆಳಿಗ್ಗೆನೇ…”

“ಈಗ ಅಂದೆ ಸಾರ್.”

ಇಡೀ ತರಗತಿ ಅವರನ್ನೇ ನೋಡುತ್ತಿತ್ತು. ನಗುವವರು ಒಬ್ಬರೂ ಇರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಮೆಲ್ಲಗೆ ಎದ್ದರು. ಇಬ್ಬರು ಕೈಕೊಟ್ಟು ಮೆಟ್ಟಿಲು ಇಳಿಸಿದರು.

ಟ್ಯಾಕ್ಸಿಯಲ್ಲಿ ನರ್ಸ್ ಮೊದಲು ಅವರ ಹೆಂಡತಿಗೆ ಫೋನ್ ಮಾಡಿದಳು, ಆಮೇಲೆ ತನ್ನ ವಾರ್ಡಿಗೆ. ಮೇಷ್ಟ್ರು ಚಿಕ್ಕ ಮಗುವಿನ ಹಾಗೆ ಅವಳ ಕೈ ಹಿಡಿದಿದ್ದರು.

“ನಂಗೆ ತುಂಬಾ ಭಯ ಕಣಮ್ಮ” ಎಂದರು.

“ಗೊತ್ತು ಸಾರ್. ಮೂರು ತಿಂಗಳಿಂದ ನಂಗೂ ಬಾಯಿ ಬಿಡೋಕೆ ಭಯವೇ” ಎಂದಳು ಅವಳು. ಆಸ್ಪತ್ರೆ ಬಂದು, ಗಾಲಿಕುರ್ಚಿ ತಂದರೂ ಕೈ ಬಿಡಿಸಿಕೊಳ್ಳಲಿಲ್ಲ.